ಸನ್ಯಾಸಿಗೆ ಗಡಿಯಾರ ಯಾಕೆ?

ನಮ್ಮ ಮನೆಯ ರೂಟರ್ ದಿನಕ್ಕೆ ಹನ್ನೊಂದು ಸಲ ಸಾಯುತ್ತಿತ್ತು. ಹನ್ನೊಂದು ಎನ್ನುವುದು ಬಾಯಿಮಾತಲ್ಲ. ಎರಡು ವಾರ ಎಣಿಸಿ, ಬರೆದು, ಸರಾಸರಿ ತೆಗೆದ ಸಂಖ್ಯೆ. ಥರ್ಮಾಮೀಟರು, ತಕ್ಕಡಿ, ಸ್ಟಾಪ್‌ವಾಚುಗಳನ್ನು ಪರೀಕ್ಷಿಸಿ, ಇದು ಇಷ್ಟು ನಿಖರ, ಇದಕ್ಕಿಂತ ಹೆಚ್ಚು ನಂಬಬೇಡಿ ಎಂದು ಸರ್ಟಿಫಿಕೇಟ್ ಬರೆಯುವುದು ನನ್ನ ಉದ್ಯೋಗ. ಮನೆಗೆ ಬಂದ ಮೇಲೂ ಆ ಚಾಳಿ ಬಿಡುವುದಿಲ್ಲ.

ಅಕ್ಕನಿಗೆ ಸರಾಸರಿ ಬೇಕಿರಲಿಲ್ಲ.

"ಇಪ್ಪತ್ತೆರಡನೇ ತಾರೀಖು, ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡು" ಎಂದಳು. "ಆ ಒಂದು ಗಂಟೆ ಅದು ಕಡೀಬಾರ್ದು. ಮಿಕ್ಕ ಹೊತ್ತು ಸತ್ತೇ ಬಿದ್ದಿರ್ಲಿ, ನಂಗೇನೂ ಬೇಜಾರಿಲ್ಲ."

ಅವಳು ಹದಿನಾಲ್ಕು ವರ್ಷ ಒಂದು ಆಸ್ಪತ್ರೆಯ ಹಿಂಬದಿ ಕೋಣೆಯಲ್ಲಿ ಕುಳಿತು ಡಾಕ್ಟರುಗಳ ಮಾತನ್ನು ಕಿವಿಯಿಂದ ಕೇಳಿ ಟೈಪು ಮಾಡಿದವಳು. ಆ ಕೆಲಸವನ್ನು ಈಗ ಯಂತ್ರವೇ ಮಾಡುತ್ತದೆಂದು ಆ ಕೋಣೆಗೆ ಬೀಗ ಹಾಕಿದರು. ಏಳು ತಿಂಗಳು ಮನೆಯಲ್ಲಿ ಕುಳಿತ ಮೇಲೆ ಒಂದು ಸಂಸ್ಥೆಯ ಕರೆ ಬಂದಿತ್ತು. ಕಿವಿ ಕೇಳದವರು ಡಾಕ್ಟರ ಮುಂದೆ ಕುಳಿತಾಗ, ಡಾಕ್ಟರು ಆಡುವ ಮಾತು ಅಲ್ಲೇ ಪರದೆಯ ಮೇಲೆ ಅಕ್ಷರವಾಗಿ ಮೂಡಬೇಕು. ಎಲ್ಲೋ ದೂರದಲ್ಲಿ ಮನೆಯಲ್ಲೇ ಕುಳಿತು ಅದನ್ನು ಟೈಪು ಮಾಡುವವರು ಬೇಕಾಗಿದ್ದರು. ಪರೀಕ್ಷೆ ಒಂದು ಗಂಟೆಯದು, ಅದೂ ಮನೆಯಿಂದಲೇ. ನಡುವೆ ಒಂದೇ ಒಂದು ಸಲ ಸಂಪರ್ಕ ಕಡಿದರೂ ಪರೀಕ್ಷೆ ರದ್ದು. ಮುಂದಿನ ಅವಕಾಶ ವರ್ಷದ ನಂತರ.

"ಮುಂದಿನ ವರ್ಷದ ಹೊತ್ತಿಗೆ ನಂಗೇ ಕಿವಿ ಕೇಳಿಸದೆ ನಾನೇ ಅವರ ಗಿರಾಕಿ ಆಗಿರ್ತೀನಿ" ಎಂದು ಅಕ್ಕ ನಕ್ಕಳು. ಆದರೆ ಆ ಇಪ್ಪತ್ತೆರಡನ್ನು ಕ್ಯಾಲೆಂಡರಿನಲ್ಲಿ ಎರಡು ಸಲ ಸುತ್ತು ಹಾಕಿದ್ದಳು, ಪೆನ್ನು ಒತ್ತಿ ಕಾಗದ ಹರಿಯುವಷ್ಟು.

"ಹೊಸದೊಂದು ತಂದ್ಬಿಡೋ, ಅದಕ್ಕೇನು" ಎಂದಳು ಅಮ್ಮ.

ನಾನು ಕೈ ಅಡ್ಡ ಹಿಡಿದೆ. ಪೆಟ್ಟಿಗೆಯಲ್ಲಿ ದೋಷವಿಲ್ಲ, ದೋಷವಿರುವುದು ಅದರೊಳಗಿನ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಎಂದು ವಿವರಿಸಿದೆ. ಮೂರು ಬಿಲ್ಲೆ ಸಾಬೂನಿನಷ್ಟು ದೊಡ್ಡ ಈ ಪೆಟ್ಟಿಗೆಗೆ ಇರುವ ಜಾಗ ಎಂಟು ಎಂಬಿ. ಇವತ್ತಿನ ಫೋನಿನ ಒಂದು ಒಳ್ಳೆಯ ಫೋಟೋ ಅದರಲ್ಲಿ ಕಷ್ಟಪಟ್ಟು ಕೂರಬಹುದು. ಅಷ್ಟು ಜಾಗದಲ್ಲಿ ತಯಾರಕರು ಪ್ರಿಂಟರ್ ಹಂಚುವ ವ್ಯವಸ್ಥೆ, ಅತಿಥಿಗಳಿಗೆ ಸ್ವಾಗತ ಪುಟ, ಹವಾಮಾನ, ಏಳು ಭಾಷೆಯಲ್ಲಿ ಜಾಹೀರಾತು ಎಲ್ಲ ತುಂಬಿದ್ದರು. ಮೂಟೆ ಹೊತ್ತು ಓಡುವವನಂತೆ ಅದು ಎರಡು ಗಂಟೆಗೊಮ್ಮೆ ಉಸಿರು ಕಟ್ಟಿ ಬೀಳುತ್ತಿತ್ತು. ಅದನ್ನು ಕಿತ್ತುಹಾಕಿ, ಬೇಕಾದದ್ದಷ್ಟೇ ಇರುವ ಸಣ್ಣ ಸಿಸ್ಟಮ್ ಒಂದನ್ನು ಹಾಕಿದರೆ ಈ ಪೆಟ್ಟಿಗೆ ನೂರು ವರ್ಷ ಬಾಳುತ್ತದೆ.

"ನೂರು ವರ್ಷ ಬೇಡ" ಎಂದಳು ಅಕ್ಕ. "ಒಂದು ಗಂಟೆ."

ಇಂಥ ಸಣ್ಣ ಸಿಸ್ಟಮ್‌ಗಳನ್ನು ಜನ ಪುಕ್ಕಟೆ ಬರೆದು ಹಂಚುತ್ತಾರೆ. ಮೂರನ್ನು ಆರಿಸಿಕೊಂಡು, ನೋಟ್‌ಬುಕ್ಕಿನಲ್ಲಿ ಹದಿನೇಳು ಅಂಕಣಗಳ ಕೋಷ್ಟಕ ಹಾಕಿ, ರಾಗಿಯೊಳಗಿನ ಕಲ್ಲು ಆರಿಸುವವನಂತೆ ಕುಳಿತೆ. ಅಕ್ಕ ಅವಕ್ಕೆ ಹೆಸರಿಟ್ಟಳು. ಮೊದಲನೆಯದು ಎಲ್ಲರೂ ಬಳಸುವಂಥದ್ದು. ಸೆಟ್ಟಿಂಗ್‌ಗಳನ್ನು ಹೊಂದಿಸಲು ಚೆಂದದ ಪುಟವಿತ್ತು, ಏನು ಕೇಳಿದರೂ ಇದೆ ಎನ್ನುತ್ತಿತ್ತು. ಅದು ಸಂಸಾರಿ. ಎರಡನೆಯದು ಒಂದಿಷ್ಟು ಶಿಸ್ತಿನದು, ಆದರೆ ಎರಡು ವರ್ಷದಿಂದ ಅದನ್ನು ಯಾರೂ ತಿದ್ದಿರಲಿಲ್ಲ. ಅದು ಮೂಲೆ ಸೇರಿದ ಬ್ರಹ್ಮಚಾರಿ. ಮೂರನೆಯದನ್ನು ಯಾವನೋ ಒಬ್ಬನೇ ಕುಳಿತು ಬರೆದಿದ್ದ. ಒಟ್ಟು ಗಾತ್ರ ಎರಡು ಎಂಬಿಗಿಂತ ಕಡಿಮೆ. ಅದರ ಕೈಪಿಡಿಯ ಮೊದಲ ಸಾಲೇ, ಇದರಲ್ಲಿ ಏನೂ ಇಲ್ಲ, ಬೇಕಾದದ್ದನ್ನು ನೀವೇ ಸೇರಿಸಿಕೊಳ್ಳಿ ಎಂದಿತ್ತು. ಓದಿ ನನಗೆ ರೋಮಾಂಚನವಾಯಿತು.

"ಇದು ಸನ್ಯಾಸಿ" ಎಂದಳು ಅಕ್ಕ. "ಸಂಸಾರಿಗೇನಾಗಿದೆಯೋ? ಎಲ್ಲರ ಮನೇಲೂ ಅದೇ ನಡೀತಿದೆ ಅಂತೀಯ."

"ಅದರಲ್ಲಿ ಬೇಡದ್ದು ಬಹಳ ಇದೆ."

"ಇದ್ರೆ ಇರ್ಲಿ ಬಿಡು. ನಮ್ಮನೇಲೂ ಬೇಡದ್ದು ಎಷ್ಟೋ ಇದೆ, ನಾವು ಬದುಕ್ತಿಲ್ವಾ? ಎರಡು ವಾರದಿಂದ ಆರಿಸ್ತಾ ಕೂತಿದೀಯ. ಹೆಣ್ಣು ನೋಡಕ್ಕೆ ಇದರಲ್ಲಿ ಅರ್ಧ ಶ್ರದ್ಧೆ ತೋರಿಸಿದ್ದಿದ್ರೆ ಇಷ್ಟೊತ್ತಿಗೆ ನಿಂಗೆರಡು ಮಕ್ಕಳಿರ್ತಿದ್ವು."

ಅಪ್ಪ ತನ್ನ ಕುರ್ಚಿಯಿಂದ ಕೆಮ್ಮಿದ. ಲಿಫ್ಟ್ ಮೆಕ್ಯಾನಿಕ್ ಆಗಿ ನಿವೃತ್ತನಾದವನು ಆತ. ಮಾತು ಕಡಿಮೆ, ಮಂಡಿನೋವು ಜಾಸ್ತಿ. "ನಾನೊಂದ್ಸಲ, ಈ ತಂತಿ ಯಾಕೆ ಸುಮ್ನೆ ಅಂತ ಒಂದನ್ನ ಕಿತ್ತಾಕಿದ್ದೆ" ಎಂದ. "ಲಿಫ್ಟ್ ಚೆನ್ನಾಗೇ ಓಡ್ತು. ಐದನೇ ಮಹಡಿಗೆ ಮಾತ್ರ ಹೋಗೋದು ಬಿಟ್ಬಿಡ್ತು. ನಮ್ಮ ಆಫೀಸಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ. ಮೂರು ತಿಂಗಳಲ್ಲಿ ಐದನೇ ಮಹಡಿಯವ್ರೆಲ್ಲ ತೆಳ್ಳಗಾಗಿದ್ರು."

ಎಲ್ಲರೂ ನಕ್ಕೆವು. ನಾನು ಸನ್ಯಾಸಿಯನ್ನೇ ಆರಿಸಿದೆ.

ಮೊದಲೇ ಏನೂ ಇಲ್ಲದುದರೊಳಗಿಂದ ಇನ್ನಷ್ಟು ತೆಗೆಯುವುದರಲ್ಲಿ ಒಂದು ಸುಖವಿದೆ. ಉಪವಾಸ ಮಾಡಿದವರಿಗೆ ಅದು ಗೊತ್ತಿರಬಹುದು. ಹೊಂದಿಸುವ ಪುಟ ಬೇಡವೆಂದೆ: ಒಮ್ಮೆ ಹೊಂದಿಸಿದ ಮೇಲೆ ಮುಟ್ಟುವವರು ಯಾರು? ಹೊರಗಿನಿಂದ ಒಳಹೊಕ್ಕು ತಿದ್ದುವ ದಾರಿಯನ್ನೂ ಮುಚ್ಚಿದೆ: ಬಾಗಿಲೇ ಇಲ್ಲದ ಮನೆಗೆ ಕಳ್ಳನಿಗೇನು ಕೆಲಸ? ಇನ್ನು ಒಳಗಿನದನ್ನು ತಿದ್ದಬೇಕಾದರೆ ಪೆಟ್ಟಿಗೆಯ ಸ್ಕ್ರೂ ಬಿಚ್ಚಿ, ಒಳಗಿನ ಮೂರು ಮುಳ್ಳಿನಂಥ ಪಿನ್ನುಗಳಿಗೆ ವಿಶೇಷವಾದ ತಂತಿ ಸಿಕ್ಕಿಸಬೇಕು. ಆ ತಂತಿಯನ್ನು ಆಫೀಸಿನಿಂದ ರಿಜಿಸ್ಟರಿಗೆ ಸಹಿ ಹಾಕಿ ತಂದಿದ್ದೆ. ಮಾರನೆಯ ದಿನವೇ ಹಿಂದಿರುಗಿಸಿದೆ. ಮುಂದಿನ ದೀಪಗಳನ್ನು ಬೆಳಗಿಸುವ ಪ್ರೋಗ್ರಾಮು ಒಂಬತ್ತು ಕೆಬಿ ತಿನ್ನುತ್ತಿತ್ತು, ಅದನ್ನೂ ಕಿತ್ತೆ. ಪೆಟ್ಟಿಗೆ ಕಪ್ಪಗೆ, ಗಂಭೀರವಾಗಿ ಕುಳಿತುಕೊಂಡಿತು.

ಕೊನೆಗೆ ಉಳಿದದ್ದು ಗಡಿಯಾರ. ಇಂಥ ಪೆಟ್ಟಿಗೆಗಳೊಳಗೆ ಹೊತ್ತು ನೆನಪಿಡುವ ಬ್ಯಾಟರಿ ಇರುವುದಿಲ್ಲ. ಎಚ್ಚರವಾದೊಡನೆ ನೆಟ್ಟಿನಲ್ಲಿ ಯಾರನ್ನಾದರೂ ಗಂಟೆ ಎಷ್ಟು ಎಂದು ಕೇಳಿ ತಿಳಿದುಕೊಳ್ಳುತ್ತವೆ. ಹಾಗೆ ಕೇಳುವ ಪ್ರೋಗ್ರಾಮಿಗೆ ನಲವತ್ತು ಕೆಬಿ. ದಿನವಿಡೀ ಸ್ಟಾಪ್‌ವಾಚುಗಳ ತಪ್ಪು ಹಿಡಿಯುವವನ ಮನೆಯ ಪೆಟ್ಟಿಗೆ ಗಂಟೆಗಾಗಿ ಬೇರೆಯವರ ಬಾಗಿಲು ತಟ್ಟುವುದೆ? ಅದನ್ನು ತೆಗೆದು, ತಾರೀಖನ್ನೂ ಗಂಟೆಯನ್ನೂ ನನ್ನ ಕೈಯಾರೆ ಬರೆದುಕೊಟ್ಟೆ. ಕರೆಂಟು ಹೋದರೆ ಮರೆಯದಿರಲಿ ಎಂದು ಬ್ಯಾಟರಿ ಬ್ಯಾಕಪ್ಪಿಗೆ ಜೋಡಿಸಿದೆ. ಪೆಟ್ಟಿಗೆಯನ್ನು ಆಫ್ ಮಾಡಿದರೆ ಗಂಟೆಯನ್ನು ಮತ್ತೆ ಕೊಡತಕ್ಕದ್ದು ಎಂದು ನೋಟ್‌ಬುಕ್ಕಿನ ಹದಿನಾಲ್ಕನೆಯ ಪುಟದಲ್ಲಿ ಬರೆದು ಅಡಿಗೆರೆಯನ್ನೂ ಎಳೆದೆ.

"ಗಡಿಯಾರಾನೂ ತೆಗ್ದ್ಯಾ?" ಎಂದಳು ಅಕ್ಕ.

"ಸನ್ಯಾಸಿಗೆ ಗಡಿಯಾರ ಯಾಕೆ?" ಎಂದೆ.

ಅಮ್ಮನಿಗೂ ನಗು ಬಂತು. ನನ್ನ ತಮಾಷೆಗೆ ನಮ್ಮ ಮನೆಯಲ್ಲಿ ನಗುವುದು ಅಪರೂಪ. ಆ ದಿನವೆಲ್ಲ ಹಗುರಾಗಿ ಓಡಾಡಿದೆ.

ಪೆಟ್ಟಿಗೆಯನ್ನು ಮುಚ್ಚುವ ಮುನ್ನ ಅಮ್ಮ ಒಂದೇ ಒಂದು ಬೇಡಿಕೆಯಿಟ್ಟಳು. ಅಪ್ಪನಿಗೆ ರಕ್ತದೊತ್ತಡ, ಏಳು ಗಂಟೆ ನಿದ್ದೆ ಮಾಡಲೇಬೇಕೆಂದು ಡಾಕ್ಟರು ಹೇಳಿದ್ದರು. ಆದರೆ ಆತ ಫೋನಿನಲ್ಲಿ ವೀಡಿಯೊ ನೋಡುತ್ತ ಎಚ್ಚರವಿರುತ್ತಿದ್ದ. ತುಕ್ಕು ಹಿಡಿದ ಹಳೆಯ ಬೀಗ, ಚಿಲಕ, ಮಿಷನ್ನುಗಳನ್ನು ಯಾರೋ ಉಜ್ಜಿ, ಎಣ್ಣೆ ಬಿಟ್ಟು ಹೊಸದು ಮಾಡುವ ವೀಡಿಯೊಗಳು. ಅವುಗಳಲ್ಲಿ ಮಾತಿಲ್ಲ, ಬರೀ ಉಜ್ಜುವ ಸದ್ದು. "ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ನೆಟ್ಟೇ ಇರ್ಬಾರ್ದು, ಹಂಗೆ ಮಾಡು" ಎಂದಳು. ಒಂದೇ ಸಾಲಿನ ನಿಯಮ, ಜಾಗವೂ ತಿನ್ನದು. ಬರೆದೆ. ಅಪ್ಪ ಎದುರಾಡಲಿಲ್ಲ. ಆ ಸಂಜೆ ತನ್ನ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಚಪ್ಪಲಿ ಸ್ಟ್ಯಾಂಡಿಗೂ ಬಚ್ಚಲಮನೆಯ ಬಾಗಿಲಿಗೂ ನಡುವಿನ ಮೂಲೆಯಲ್ಲಿ ಹಾಕಿಕೊಂಡ. "ಇಲ್ಲಿ ಗಾಳಿ ಚೆನ್ನಾಗಿದೆ" ಎಂದ.

ಒಂಬತ್ತು ದಿನ ಪೆಟ್ಟಿಗೆ ಒಮ್ಮೆಯೂ ಕಡಿಯಲಿಲ್ಲ. ಒಳಹೊಕ್ಕು ತಿದ್ದಲಾಗದಿದ್ದರೂ ಅದು ತನ್ನ ಅಂಕಿಅಂಶಗಳನ್ನು ನನ್ನ ಕಂಪ್ಯೂಟರಿಗೆ ಕಳಿಸುತ್ತಿತ್ತು, ಅದರಿಂದ ದಿನವೂ ಬಳಕೆಯ ಗ್ರಾಫ್ ಬರೆದೆ. ರಾತ್ರಿ ಹತ್ತಕ್ಕೆ ಗೆರೆ ಸೊನ್ನೆಗಿಳಿದು ಆರರವರೆಗೆ ಅಲುಗದೆ ಮಲಗಿರುತ್ತಿತ್ತು. ಅಪ್ಪನ ನಿದ್ದೆಗೆ ಇದಕ್ಕಿಂತ ಸಾಕ್ಷಿ ಬೇಕೆ? ಅಮ್ಮನಿಗೆ ಗ್ರಾಫ್ ತೋರಿಸಿದೆ. ಅವಳು ಅದನ್ನು ಡಾಕ್ಟರಿಗೂ ತೋರಿಸಿದಳು. ಡಾಕ್ಟರು ಮೆಚ್ಚಿ, ಆದರೂ ಒತ್ತಡ ಇಳಿದಿಲ್ಲವಲ್ಲ ಎಂದು ಮಾತ್ರೆ ಬದಲಿಸಿದರು.

ಗರ್ವದಿಂದ ಕೆಳಗಿನ ಟೈಲರ್ ಅಂಗಡಿಗೂ ಹೋಗಿ ಬಂದೆ. ಅವರ ರೂಟರ್ ಗೋಡೆಯ ಮೊಳೆಗೆ ನೇತುಬಿದ್ದಿತ್ತು. ದೂಳು, ದಾರದ ಚೂರು, ಹನ್ನೆರಡು ದೀಪಗಳು ಒಟ್ಟಿಗೆ ಮಿಟಿಮಿಟಿ. ಒಳಗೆ ಕಂಪನಿಯವರು ತುಂಬಿದ್ದೆಲ್ಲ ಹಾಗೆಯೇ. ಪಾಸ್‌ವರ್ಡು ಒಂದರಿಂದ ಎಂಟರವರೆಗಿನ ಅಂಕಿ. ಇದನ್ನೂ ಸನ್ಯಾಸಿ ಮಾಡಿಕೊಡುತ್ತೇನೆ ಎಂದೆ.

"ಬೇಡ ಸಾರ್" ಎಂದರು ಟೈಲರ್, ಬಾಯಲ್ಲಿದ್ದ ಗುಂಡುಪಿನ್ನು ತೆಗೆಯದೆ. "ಚೆನ್ನಾಗಿ ಕೂತಿರೋ ಹೊಲಿಗೇನ ನಾನು ಬಿಚ್ಚಿ ನೋಡೋನಲ್ಲ."

ಅಜ್ಞಾನಕ್ಕೆ ಮದ್ದಿಲ್ಲವೆಂದುಕೊಂಡು ಮೆಟ್ಟಿಲೇರಿದೆ.

ಇಪ್ಪತ್ತೆರಡು ಬಂತು. ನಾನು ರಜೆ ಹಾಕಿದ್ದೆ. ಅಮ್ಮ ಕುಕ್ಕರ್ ಕೂಗಿಸದೆ ಅಡುಗೆ ಮುಗಿಸಿದ್ದಳು. ಅಕ್ಕ ಆಸ್ಪತ್ರೆಗೆ ಹೋಗುತ್ತಿದ್ದಾಗ ಉಡುತ್ತಿದ್ದ ನೀಲಿ ಸೀರೆಯುಟ್ಟು, ಕಿವಿಗೆ ಹೆಡ್‌ಫೋನ್ ಹಾಕಿ, ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿಕೊಂಡು ಕುಳಿತಿದ್ದಳು. ಹನ್ನೊಂದಕ್ಕೆ ಪರೀಕ್ಷೆಯ ಬಾಗಿಲು ತೆರೆಯುತ್ತದೆ. ಹನ್ನೊಂದೂ ಹತ್ತರೊಳಗೆ ಒಳಗೆ ಬಾರದವರಿಗೆ ಮುಚ್ಚುತ್ತದೆ.

ಹತ್ತೂವರೆಗೆ ನೋಟ್‌ಬುಕ್ ತಿರುವುತ್ತಿದ್ದೆ. ಒಂಬತ್ತು ದಿನಗಳಲ್ಲಿ ಪೆಟ್ಟಿಗೆಯ ನೆನಪಿನ ಬಳಕೆ ಒಂದು ಎಂಬಿಯ ನೂರರಲ್ಲಿ ಮೂರು ಭಾಗದಷ್ಟು ಏರಿತ್ತು. ಈ ಲೆಕ್ಕದಲ್ಲಿ ಒಂದು ವರ್ಷ ಕಳೆದರೂ ತೊಂದರೆಯಿಲ್ಲ. ಆದರೆ ಇಂಥ ದಿನ, ಇಷ್ಟು ದೊಡ್ಡ ಕೆಲಸ. ಪೆಟ್ಟಿಗೆ ಮುಖ ತೊಳೆದುಕೊಂಡು ಹೊಸದಾಗಿ ಕುಳಿತುಕೊಳ್ಳಲಿ ಎನಿಸಿತು. ಹತ್ತೂ ಮುಕ್ಕಾಲಿಗೆ ಬ್ಯಾಟರಿ ಬ್ಯಾಕಪ್ಪಿನಿಂದಲೇ ಅದರ ಪ್ಲಗ್ಗು ಕಿತ್ತು, ಹತ್ತು ಎಣಿಸಿ, ಮತ್ತೆ ಸಿಕ್ಕಿಸಿದೆ.

ಫೋನಿನಲ್ಲಿ ನಮ್ಮ ಮನೆಯ ವೈಫೈ ಹೆಸರು ಕಾಣಿಸಿತು, ಕಡ್ಡಿಗಳು ಪೂರ್ತಿ. ಅಕ್ಕನಿಗೆ ಹೆಬ್ಬೆರಳು ತೋರಿಸಿದೆ.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಅಕ್ಕ ಪರೀಕ್ಷೆಯ ಪುಟದ ಕೊಂಡಿ ಒತ್ತಿದಳು. ಪುಟ ತೆರೆಯಲಿಲ್ಲ. ಮತ್ತೆ ಒತ್ತಿದಳು. ಹೆಡ್‌ಫೋನ್ ತೆಗೆದಿಟ್ಟು ನನ್ನತ್ತ ನೋಡಿದಳು.

ನಾನು ಪೆಟ್ಟಿಗೆಯನ್ನು ನೋಡಿದೆ. ಅದಕ್ಕೆ ದೀಪಗಳಿರಲಿಲ್ಲ. ಸಂಪರ್ಕವಿದೆ, ಆದರೆ ಏನೂ ಹಾಯುತ್ತಿಲ್ಲ.

"ಇದು ರಾತ್ರಿ ಹೊತ್ತು ಆಗೋ ಹಂಗೇ ಆಗ್ತಿದೆಯಲ್ಲೋ, ಹತ್ತಾದ್ಮೇಲೆ" ಎಂದಳು ಅಮ್ಮ.

ಹದಿನಾಲ್ಕನೆಯ ಪುಟ, ಅಡಿಗೆರೆಯ ಸಮೇತ ನನ್ನ ಕಣ್ಣ ಮುಂದೆ ಬಂತು. ಹೊತ್ತು ತಿಳಿಯದೆ ಎಚ್ಚರಗೊಂಡ ಇಂಥ ಪೆಟ್ಟಿಗೆಗಳು, ಕಂಪ್ಯೂಟರ್ ಲೋಕದ ಹಳೆಯ ರೂಢಿಯಂತೆ, ಈಗ ಸಾವಿರದ ಒಂಬೈನೂರ ಎಪ್ಪತ್ತನೆಯ ಇಸವಿ, ಜನವರಿ ಒಂದು, ನಡುರಾತ್ರಿ ಹನ್ನೆರಡು ಎಂದುಕೊಳ್ಳುತ್ತವೆ. ನಮ್ಮದೂ ಹಾಗೆಯೇ ಅಂದುಕೊಂಡಿತ್ತು. ನಡುರಾತ್ರಿಯಲ್ಲಿ ನೆಟ್ ಬಿಡಕೂಡದೆಂದು ನಾನೇ ಬರೆದುಕೊಟ್ಟಿದ್ದೆ. ಅದರ ಕಡೆಯಿಂದ ಒಂದಿಷ್ಟೂ ತಪ್ಪು ನಡೆದಿರಲಿಲ್ಲ. ಸರ್ಟಿಫಿಕೇಟ್ ಬರೆದುಕೊಡಬಹುದಿತ್ತು.

"ಏನಾಗಿದೆ?" ಎಂದಳು ಅಕ್ಕ.

"ಅದಕ್ಕೀಗ ರಾತ್ರಿ."

"ಸರಿ. ಏನು ಮಾಡ್ಬೇಕು?"

"ಬೆಳಗಾಗೋ ತನಕ ಕಾಯ್ಬೇಕು."

"ಬೆಳಗಾಗಿದೆ ಕಣೋ!"

"ಅದಕ್ಕಾಗಿಲ್ಲ."

"ಮತ್ತೆ ಎಷ್ಟೊತ್ತಿಗೆ ಆಗುತ್ತಂತೆ?"

ಲೆಕ್ಕ ನನಗೆ ತಕ್ಷಣ ಬರುತ್ತದೆ. "ನಾಲ್ಕೂ ಮುಕ್ಕಾಲಿಗೆ" ಎಂದೆ.

ಗಂಟೆ ತಿಳಿಸಿಕೊಡೋಣವೆಂದರೆ ತಂತಿ ಆಫೀಸಿನ ಬೀರುವಿನಲ್ಲಿ, ಹೋಗಿ ಬರಲು ನಲವತ್ತು ನಿಮಿಷ. ನೆಟ್ಟಿನ ತಂತಿಯನ್ನು ನೇರವಾಗಿ ಲ್ಯಾಪ್‌ಟಾಪಿಗೇ ಸಿಕ್ಕಿಸು ಎಂದಳು ಅಕ್ಕ. ಅವಳ ಲ್ಯಾಪ್‌ಟಾಪ್ ಬಹಳ ತೆಳು. ಅದನ್ನು ಮಾಡಿದವರೂ ನನ್ನಂಥವರೇ ಇರಬೇಕು, ತಂತಿ ತೂರಿಸುವ ತೂತನ್ನೇ ತೆಗೆದಿದ್ದರು. ಬೇರೆ ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯುವಂತಿಲ್ಲ. ನಮ್ಮ ಕಟ್ಟಡದ ಹಿಂದೆ ನೀರಿನ ಟ್ಯಾಂಕು ನಿಂತಿರುವುದರಿಂದ ಮೊಬೈಲ್ ಸಿಗ್ನಲ್ಲು ಮನೆಯೊಳಗೆ ಕಾಲಿಡುವುದೇ ಇಲ್ಲ. ಹನ್ನೊಂದೂ ಎರಡಾಯಿತು. ಅಕ್ಕ ಒದ್ದೆ ಟವೆಲ್ಲನ್ನು ಮಡಿಸುತ್ತಿದ್ದಳು, ನಾಲ್ಕು ಮಡಿಕೆಯಾದದ್ದನ್ನು ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಬೈದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಆಗ ಅಪ್ಪ ಮೂಲೆಯ ಕುರ್ಚಿಯಿಂದ ಎದ್ದ. ಅಮ್ಮನನ್ನು ಒಮ್ಮೆ ನೋಡಿದ, ಗಂಟಲು ಸರಿಮಾಡಿಕೊಂಡ.

"ಇಲ್ಲಿ ಬಂದು ಕೂತ್ಕೋ ಮಗಳೇ" ಎಂದ. "ಈ ಕುರ್ಚಿ ಮೇಲೆ. ಒಂಚೂರು ಎಡಕ್ಕೆ. ಹ್ಞಾಂ, ಅಲ್ಲೇ. ಕೆಳಗಿನ ಟೈಲರ್‌ದು ಸಿಗುತ್ತೆ ನೋಡು. ಒಂದರಿಂದ ಎಂಟರ ತನಕ ಒತ್ತು."

"ನಿಮಗೆ ಹೆಂಗೆ ಗೊತ್ತು?" ಎಂದಳು ಅಮ್ಮ.

ಅಪ್ಪ ಚಪ್ಪಲಿ ಸ್ಟ್ಯಾಂಡನ್ನು ನೋಡುತ್ತ ಹೇಳಿದ: "ದಿನಾ ರಾತ್ರಿ ಅದರಲ್ಲೇ ನೋಡ್ತೀನಿ. ಇದು ಒಂದ್ಸಲಾನೂ ಕಡ್ದಿಲ್ಲ."

ನನ್ನ ಗ್ರಾಫಿನ ಒಂಬತ್ತು ಸೊನ್ನೆಗಳು ಒಂದೊಂದಾಗಿ ನೆನಪಾದವು. ಅಮ್ಮನ ಬಾಯಿ ತೆರೆದಿತ್ತು, ಆದರೆ ಅವಳು ಅಕ್ಕನ ಮುಖ ನೋಡಿ ಅದನ್ನು ಮುಚ್ಚಿಕೊಂಡಳು. ತೀರ್ಪನ್ನು ಹನ್ನೆರಡು ಗಂಟೆಗೆ ಮುಂದೂಡಿದ್ದಳು, ಅಷ್ಟೆ.

ಅಕ್ಕ ಆಗಲೇ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಆ ಮೂಲೆಯಲ್ಲಿ ಕುಳಿತಿದ್ದಳು. ಪುಟ ತೆರೆಯಿತು. ಹನ್ನೊಂದೂ ಆರು. ಕೆಳಗಿನಿಂದ ಹೊಲಿಗೆ ಮಿಷನ್ನಿನ ಸದ್ದು ನೆಲದ ಮೂಲಕವೇ ಬರುತ್ತಿತ್ತು. ಅಪ್ಪ ತನ್ನ ಮಂಡಿಗಳನ್ನು ಲೆಕ್ಕಿಸದೆ ಮೆಟ್ಟಿಲಿಳಿದ. ನಾನೂ ಹಿಂದೆ ಹೋದೆ, ಬೇರೆ ಮಾಡಲು ಏನೂ ಉಳಿದಿರಲಿಲ್ಲ.

ವಿಷಯ ಕೇಳಿ ಟೈಲರ್ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು. "ಒಂದು ಗಂಟೆ ತಾನೇ? ಗುಂಡಿ ಹೊಲೀತೀನಿ ಬಿಡಿ, ಅದಕ್ಕೆ ಸದ್ದಿಲ್ಲ" ಎಂದರು. ಸೂಜಿಗೆ ದಾರ ಪೋಣಿಸುತ್ತ ನನ್ನನ್ನು ನೋಡಿ, "ಸಾರ್‌ದು ಏನಾಯ್ತು, ಆ ಸನ್ಯಾಸಿ?" ಎಂದು ಕೇಳಿದರು.

"ನಿದ್ದೆ ಮಾಡ್ತಿದೆ" ಎಂದ ಅಪ್ಪ.

ಅವರು ಗೋಡೆಯ ಮೇಲಿನ ತಮ್ಮ ಪೆಟ್ಟಿಗೆಯತ್ತ ನೋಡಿದರು. ಹನ್ನೆರಡು ದೀಪಗಳೂ ಮಿಟುಕುತ್ತಿದ್ದವು. ಆ ಒಂದು ಗಂಟೆ ನಾನು ಗಿರಾಕಿಗಳ ಬೆಂಚಿನ ಮೇಲೆ ಕುಳಿತು ಆ ದೀಪಗಳನ್ನೇ ನೋಡಿದೆ. ಒಂದೊಂದು ಮಿಟುಕೂ ಮೇಲಿನ ಮಹಡಿಯ ಅಕ್ಕನ ಒಂದೊಂದು ಪದವಿರಬೇಕು ಎನಿಸಿತು. ವೈಜ್ಞಾನಿಕವಾಗಿ ಅದು ಸರಿಯಲ್ಲ, ಆದರೂ ಎನಿಸಿತು. ಪ್ರತಿಯೊಂದು ದೀಪಕ್ಕೂ ಒಂಬತ್ತು ಕೆಬಿ ಕೊಡಲು ನಾನು ಆಗ ಸಿದ್ಧನಿದ್ದೆ.

ಹನ್ನೆರಡೂ ಹತ್ತಕ್ಕೆ ಮೇಲಿನಿಂದ ಅಮ್ಮನ ಕೂಗು ಕೇಳಿಸಿತು. ಕರೆದದ್ದು ಅಪ್ಪನನ್ನು. ಅದರಿಂದಲೇ ಪರೀಕ್ಷೆ ಸುಸೂತ್ರವಾಗಿ ಮುಗಿದಿದೆ ಎಂದು ತಿಳಿಯಿತು.

ಸಂಜೆ ನಾಲ್ಕೂ ಮುಕ್ಕಾಲಿಗೆ ನಮ್ಮ ಪೆಟ್ಟಿಗೆಗೆ ಬೆಳಗಾಯಿತು. ಒಂದು ಸೆಕೆಂಡ್ ಹೆಚ್ಚುಕಡಿಮೆಯಿಲ್ಲ.

ಮಾರನೆಯ ದಿನ ಆಫೀಸಿನ ತಂತಿಗೆ ಮತ್ತೆ ಸಹಿ ಹಾಕಿ ತಂದು, ಗಡಿಯಾರವನ್ನು ಒಳಗೆ ಸೇರಿಸಿದೆ. ಅಮ್ಮ ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು.

"ಇಷ್ಟು ದಿನ ಜಾಗ ಇರ್ಲಿಲ್ವಾ?" ಎಂದು ಕೇಳಿದಳು.

"ಇತ್ತು."

"ಎಷ್ಟಿತ್ತು?"

"ಆರು ಎಂಬಿ."

"ಗಡಿಯಾರಕ್ಕೆ ಎಷ್ಟು ಬೇಕು?"

ಹೇಳಿದೆ. ಅವಳಿಗೆ ಕೆಬಿ, ಎಂಬಿಗಳ ವ್ಯತ್ಯಾಸ ತಿಳಿಯದು. ತಿಳಿಸಿ ಹೇಳು ಎಂದಳು. ಖಾಲಿ ಜಾಗದಲ್ಲಿ ಅಂಥ ನೂರೈವತ್ತು ಗಡಿಯಾರ ಇಡಬಹುದಿತ್ತು ಎಂದು ಹೇಳಬೇಕಾಯಿತು. ಅವಳು, "ಮತ್ತೆ ಆ ಜಾಗಾನ ಯಾರಿಗೋಸ್ಕರ ಖಾಲಿ ಇಟ್ಟಿದ್ದೆ?" ಎಂದಳು. ಹದಿನೇಳು ಅಂಕಣಗಳಲ್ಲಿ ಆ ಪ್ರಶ್ನೆಗೆ ಅಂಕಣವಿರಲಿಲ್ಲ.

ರಾತ್ರಿಯ ನಿಯಮವನ್ನೂ ತೆಗೆಸಿದಳು. "ನೇರ ದಾರಿ ಮುಚ್ಚಿದ್ರೆ ಈ ಮನುಷ್ಯ ಬಚ್ಚಲಮನೆ ಹತ್ರ ಹೋಗಿ ಕೂರ್ತಾರೆ. ಥಂಡಿ ಬೇರೆ" ಎಂದಳು.

ಅಕ್ಕ ಆಯ್ಕೆಯಾದಳು. ಕೆಲಸ ಶುರುವಾಗಿ ಒಂದೂವರೆ ತಿಂಗಳಾಯಿತು. ಮೊದಲ ದಿನವೇ ಲ್ಯಾಪ್‌ಟಾಪ್ ಎತ್ತಿಕೊಂಡು ಅಪ್ಪನ ಕುರ್ಚಿಗೆ ಹೋದಳು. ಈಗ ಎಲ್ಲ ಸರಿಮಾಡಿದ್ದೇನೆ, ಮೇಜಿನ ಹತ್ತಿರವೇ ಕುಳಿತುಕೊ ಎಂದೆ.

"ನಿನ್ನ ಮೇಲೆ ನಂಬಿಕೆ ಇದೆ ಕಣೋ" ಎಂದಳು, ಬಹಳ ಮೃದುವಾಗಿ. "ಆದ್ರೆ ಅಲ್ಲಿ ಯಾರೋ ಡಾಕ್ಟರ ಬಾಯಿ ನೋಡ್ತಾ ಕೂತಿರ್ತಾರೆ."

ಟೈಲರ್‌ಗೆ ಹೇಳಿ, ಒಪ್ಪಿಸಿಯಾಗಿದೆ. ಬದಲಿಗೆ ಅವರ ಅಂಗಡಿಯ ಬೋರ್ಡು, ರಸೀದಿಗಳ ಒಕ್ಕಣೆಯನ್ನೆಲ್ಲ ಅಕ್ಕ ಟೈಪು ಮಾಡಿಕೊಡುತ್ತಾಳೆ. ಮೂಲೆಗೆ ಒಂದು ಪುಟ್ಟ ಮೇಜು ಬಂದಿದೆ. ಚಪ್ಪಲಿಗಳು ಬಾಗಿಲಾಚೆ ಹೋಗಿವೆ. ಅಮ್ಮನೂ ಫೋನಿಗೆ ಒಂದರಿಂದ ಎಂಟು ಒತ್ತಿಸಿಕೊಂಡಿದ್ದಾಳೆ.

ನನ್ನ ಪೆಟ್ಟಿಗೆ ಅರವತ್ತೊಂದು ದಿನಗಳಿಂದ ಒಮ್ಮೆಯೂ ಕಡಿದಿಲ್ಲ. ಅದನ್ನು ಯಾರೂ ಬಳಸುವುದಿಲ್ಲ. ಗ್ರಾಫಿನ ಗೆರೆ ಹಗಲೂ ರಾತ್ರಿಯೂ ಸೊನ್ನೆಯ ಮೇಲೆ ನೆಟ್ಟಗೆ ಮಲಗಿರುತ್ತದೆ. ಯಾವಾಗಲಾದರೊಮ್ಮೆ, ಭಾನುವಾರ ಮಧ್ಯಾಹ್ನ ನಾನು ನೋಟ್‌ಬುಕ್ ಹಿಡಿದು ಅದರ ಮುಂದೆ ಕುಳಿತಿರುವುದನ್ನು ಕಂಡರೆ, ಅಪ್ಪ ಫೋನನ್ನು ನಮ್ಮ ವೈಫೈಗೆ ತಿರುಗಿಸಿ, ನನ್ನ ಪಕ್ಕ ಬಂದು ಕುಳಿತು, ಒಂದು ತುಕ್ಕು ಹಿಡಿದ ಬೀಗವನ್ನು ನೋಡುತ್ತಾನೆ. ಗ್ರಾಫಿನಲ್ಲಿ ಸಣ್ಣದೊಂದು ಉಬ್ಬು ಏಳುತ್ತದೆ. ಅದನ್ನು ನಾನು ಗಂಟೆ, ನಿಮಿಷದ ಸಮೇತ ಬರೆದುಕೊಳ್ಳುತ್ತೇನೆ.